ಹಿಡಿದ ಅಭ್ಯಾಸ ಕೈಬಿಡದಂತೆ ನೋಡಿಕೊಳ್ಳುವುದು ಹೇಗೆ: ಹಾಸನ, ಚಿಕ್ಕಮಗಳೂರಿನ ದಿನಚರಿಗೆ ಒಗ್ಗುವ ಹಂತ ಹಂತದ ಮಾರ್ಗದರ್ಶಿ

ಯುಗಾದಿಗೆ ಶುರು ಮಾಡಿದ ವಾಕಿಂಗ್ ರಾಮನವಮಿ ಪಾನಕದ ಹೊತ್ತಿಗೆ ನಿಂತಿರುತ್ತದೆ. ಜನವರಿ 1ಕ್ಕೆ ಕೈಗೆತ್ತಿಕೊಂಡ ಓದು ಸಂಕ್ರಾಂತಿಯ ಎಳ್ಳು-ಬೆಲ್ಲ ಹಂಚುವಷ್ಟರಲ್ಲಿ ಮೂಲೆ ಸೇರಿರುತ್ತದೆ. "ನಂಗೆ ಶಿಸ್ತೇ ಇಲ್ಲ, ಏನ್ಮಾಡಲಿ?" ಎಂದು ಕೇಳುವವರು ನಮ್ಮ ಕಡೆ ತುಂಬ ಜನ. ಬೆಳಗ್ಗೆ ಐದಕ್ಕೆ ಎದ್ದು ಹಾಲು ಕರೆದು ಡೈರಿಗೆ ಹಾಕುವವರೂ ಇದೇ ಮಾತು ಹೇಳುತ್ತಾರೆ. ಜಡಿಮಳೆಯಲ್ಲಿ ತೋಟ ಸುತ್ತುವವರೂ ಹೇಳುತ್ತಾರೆ. ಇವರಿಗೆ ಶಿಸ್ತಿಲ್ಲ ಅಂದರೆ ನಾನಂತೂ ಒಪ್ಪುವುದಿಲ್ಲ.

ತಪ್ಪುತ್ತಿರುವುದು ಕೆಲಸದ ಕ್ರಮ. ಮೊದಲ ದಿನವೇ ಟೈಮ್‌ಟೇಬಲ್ ಬರೆಯುತ್ತಾರೆ, ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಾರೆ, ವಾಟ್ಸಾಪ್ ಸ್ಟೇಟಸ್ ಹಾಕುತ್ತಾರೆ. ತಮ್ಮ ದಿನ ಹೇಗೆ ಓಡುತ್ತದೆ ಎಂದು ಮಾತ್ರ ನೋಡಿರುವುದಿಲ್ಲ. ಮಳೆಗಾಲ ಬಂದರೆ ಏನು, ಕಾಫಿ ಕೊಯ್ಲು ಬಂದರೆ ಏನು, ಮನೆಗೆ ನೆಂಟರು ಬಂದರೆ ಏನು ಎಂದು ಯೋಚಿಸಿರುವುದಿಲ್ಲ. ಹಾಗಾಗಿ ಕೆಳಗಿನ ಹಂತಗಳನ್ನು ಬರೆದಿರುವ ಕ್ರಮದಲ್ಲೇ ಮಾಡಿ. ಮೂರನೆಯದನ್ನು ಬಿಟ್ಟು ಐದಕ್ಕೆ ಹಾರಬೇಡಿ.

ಮೊದಲು ಇಷ್ಟು ಸಾಮಾನು ಜೋಡಿಸಿಕೊಳ್ಳಿ

ಒಂದು 40 ಪುಟದ ನೋಟ್‌ಬುಕ್. ಹೊಸ ವರ್ಷಕ್ಕೆ ಅಂಗಡಿಯವರೋ ಸಹಕಾರ ಸಂಘದವರೋ ಕೊಟ್ಟ ಗೋಡೆ ಕ್ಯಾಲೆಂಡರ್, ದಿನದ ಚೌಕ ದೊಡ್ಡದಾಗಿರುವಂಥದ್ದು. ಒಂದು ಪೆನ್ನು, ಅದಕ್ಕೆ ದಾರ ಕಟ್ಟಿ ಕ್ಯಾಲೆಂಡರಿನ ಮೊಳೆಗೇ ನೇತುಹಾಕಿ. ದಾರ ಕಟ್ಟದಿದ್ದರೆ ಎರಡೇ ದಿನದಲ್ಲಿ ಪೆನ್ನು ಮಕ್ಕಳ ಬ್ಯಾಗಿಗೆ ಹೋಗಿರುತ್ತದೆ, ಗುರುತು ಹಾಕುವುದು ಅಲ್ಲಿಗೇ ನಿಲ್ಲುತ್ತದೆ. ಜೊತೆಗೊಂದು ಬ್ಯಾಟರಿ ಹಾಕುವ ಅಲಾರಂ ಗಡಿಯಾರ. ಮೊಬೈಲ್ ಅಲಾರಂ ಯಾಕೆ ಬೇಡ ಎನ್ನುವುದು ಐದನೇ ಹಂತದಲ್ಲಿದೆ.

ಆ್ಯಪ್ ಬೇಕಾ ಎಂದು ಕೇಳಬಹುದು. ಬೇಡ. ಗುರುತು ಹಾಕಲು ಫೋನ್ ತೆಗೆದವರು ಅರ್ಧ ಗಂಟೆ ರೀಲ್ಸ್ ನೋಡಿ ಎದ್ದೇಳುತ್ತಾರೆ.

ಹಂತ 1: ಒಂದು ವಾರ ಏನೂ ಬದಲಿಸದೆ ಸುಮ್ನೆ ನೋಡಿ

ಇದು ಎಲ್ಲರಿಗೂ ಬೇಸರ ತರುವ ಹಂತ. ಉತ್ಸಾಹ ಉಕ್ಕುತ್ತಿರುವಾಗ "ಒಂದು ವಾರ ತಡಿ" ಅಂದರೆ ಯಾರಿಗೆ ಇಷ್ಟವಾಗುತ್ತದೆ? ಆದರೂ ತಡೆಯಿರಿ.

ದಿನಾ ರಾತ್ರಿ ಮಲಗುವ ಮುಂಚೆ ನೋಟ್‌ಬುಕ್ಕಿನಲ್ಲಿ ಮೂರು ವಿಷಯ ಬರೆಯಿರಿ. ಒಂದು, ಇವತ್ತು ಏನೇ ಆದರೂ ತಪ್ಪದೆ ನಡೆದ ಕೆಲಸಗಳು: ಹಂಡೆ ಒಲೆಗೆ ಬೆಂಕಿ ಹಾಕಿದ್ದು, ಮೊದಲ ಕಾಫಿ, ಡೈರಿಗೆ ಹಾಲು ಹಾಕಿದ್ದು, ಬಸ್ ಹತ್ತಿದ್ದು, ದೇವರ ದೀಪ, ರಾತ್ರಿ ಊಟ. ಎರಡು, ಖಾಲಿ ಹೋದ ಹೊತ್ತು. ಬಸ್ ಸ್ಟ್ಯಾಂಡಿನಲ್ಲಿ ಕಾದಿದ್ದು, ಟಿವಿ ಮುಂದೆ ಕೂತಿದ್ದು, ಊಟ ಆದ ಮೇಲೆ ಫೋನ್ ಹಿಡಿದಿದ್ದು. ಮೂರು, ಮೈಯಲ್ಲಿ ಶಕ್ತಿ ಯಾವ ಹೊತ್ತಿನಲ್ಲಿ ಇತ್ತು, ಯಾವಾಗ ಇರಲಿಲ್ಲ.

ಏಳು ದಿನದ ಕೊನೆಗೆ ಮೊದಲ ಪಟ್ಟಿಯಲ್ಲಿ ಏಳೂ ದಿನ ಬಂದಿರುವ ಕೆಲಸಗಳಿಗೆ ಮಾತ್ರ ಗೆರೆ ಎಳೆಯಿರಿ. ಸಾಮಾನ್ಯವಾಗಿ ನಾಲ್ಕೈದು ಉಳಿಯುತ್ತವೆ. ಅವು ಬಹಳ ಬೆಲೆಬಾಳುವ ಕೆಲಸಗಳು. ನಾಲ್ಕನೇ ಹಂತ ಪೂರ್ತಿ ಅವುಗಳ ಮೇಲೇ ನಿಂತಿದೆ.

ಇಲ್ಲಿ ಆಗುವ ತಪ್ಪು: ಮದುವೆ, ಜಾತ್ರೆ, ನೆಂಟರು ಇರುವ ವಾರವನ್ನು ಆರಿಸಿಕೊಳ್ಳುವುದು. ಮಾಮೂಲಿ ವಾರ ನೋಡಿಕೊಳ್ಳಿ.

ಹಂತ 2: ಗುರಿಯನ್ನು ಒಂದೇ ಒಂದು ಕೆಲಸಕ್ಕೆ ಇಳಿಸಿ

"ಎಫ್‌ಡಿಎ (ಸರ್ಕಾರಿ ಪ್ರಥಮ ದರ್ಜೆ ಸಹಾಯಕ ಹುದ್ದೆಯ) ಪರೀಕ್ಷೆ ಪಾಸಾಗಬೇಕು", "ಶುಗರ್ ಹತೋಟಿಗೆ ಬರಬೇಕು", "ಕೈಯಲ್ಲಿ ನಾಲ್ಕು ಕಾಸು ಉಳಿಯಬೇಕು." ಇವೆಲ್ಲ ಗುರಿಗಳು. ಇವತ್ತು ಸಂಜೆ ಏಳೂವರೆಗೆ ನೀವು ಪರೀಕ್ಷೆ ಪಾಸು ಮಾಡಲು ಆಗುವುದಿಲ್ಲ, ಐದು ಲೆಕ್ಕ ಬಿಡಿಸಲು ಆಗುತ್ತದೆ. ಕೈಕಾಲು ಮಾಡಬಹುದಾದ, ಬೇರೆಯವರು ಪಕ್ಕದಲ್ಲಿ ನಿಂತು ನೋಡಿದರೆ ಕಾಣುವ ಕೆಲಸ ಬೇಕು.

ಪರೀಕ್ಷೆ ಎಂದರೆ ದಿನಾ ಐದು ಲೆಕ್ಕ. ಶುಗರ್ ಎಂದರೆ ರಾತ್ರಿ ಊಟವಾದ ಮೇಲೆ 10 ನಿಮಿಷ ನಡಿಗೆ. ಊಟದ ನಂತರ ನಡೆದರೆ ಆಗ ಏರುವ ಸಕ್ಕರೆಯ ಮಟ್ಟ ಕಮ್ಮಿಯಾಗುತ್ತದೆ. ಉಳಿತಾಯ ಎಂದರೆ ಅಂಗಡಿ ಬಾಗಿಲು ಹಾಕುವ ಮುಂಚೆ ಗಲ್ಲಾದಿಂದ 20 ರೂಪಾಯಿ ತೆಗೆದು ಡಬ್ಬಿಗೆ ಹಾಕುವುದು. ತಿಂಗಳಿಗೆ 600 ಆಗುತ್ತದೆ. ಪೋಸ್ಟ್ ಆಫೀಸಿನ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ) ತಿಂಗಳಿಗೆ 100 ರೂಪಾಯಿಯಿಂದಲೇ ಶುರುವಾಗುತ್ತದೆ, ಅವಧಿ 5 ವರ್ಷ. ಹಾಗಾಗಿ ಮೊತ್ತ ಚಿಕ್ಕದು ಎಂದು ಹಿಂಜರಿಯಬೇಕಿಲ್ಲ.

ಒಂದೇ ಅಭ್ಯಾಸ ಎನ್ನುವುದನ್ನು ಒತ್ತಿ ಹೇಳುತ್ತೇನೆ. ವಾಕಿಂಗ್, ಓದು, ಧ್ಯಾನ, ಸಕ್ಕರೆ ಬಿಡುವುದು ಎಲ್ಲ ಸೋಮವಾರದಿಂದಲೇ ಅಂದವರಲ್ಲಿ ಎರಡನೇ ಸೋಮವಾರ ಕಾಣುವವರು ಅಪರೂಪ. ಕಾಫಿ ಗಿಡದಲ್ಲಿ ಬೇಡದ ಚಿಗುರು ತೆಗೆಯುತ್ತಾರಲ್ಲ, ಹಾಗೆ: ಚಿಗುರೆಲ್ಲ ಜೀವ ಇರುವಂಥವೇ, ಆದರೂ ಬಿಟ್ಟರೆ ಯಾವ ರೆಕ್ಕೆಗೂ (ಅಡ್ಡ ಕೊಂಬೆಗೂ) ಫಸಲು ಹೊರುವ ಬಲ ಬರುವುದಿಲ್ಲ. ಉಳಿದ ಆಸೆಗಳನ್ನು ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ಬರೆದಿಡಿ. ಅವಕ್ಕೂ ಸರದಿ ಬರುತ್ತದೆ.

ಹಂತ 3: ಕೆಟ್ಟ ದಿನಕ್ಕೆ ಅಳತೆ ತೆಗೆಯಿರಿ

ನಾವು ಯೋಜನೆ ಹಾಕುವುದು ಭಾನುವಾರ ಸಂಜೆ, ಹೊಟ್ಟೆ ತುಂಬಿ, ಮನಸ್ಸು ಹಗುರಾಗಿದ್ದಾಗ. ಆಗ ದಿನಾ ಎರಡು ಗಂಟೆ ಓದುವುದು ಏನೂ ಅನ್ನಿಸುವುದಿಲ್ಲ. ಆದರೆ ಅಭ್ಯಾಸ ಬದುಕಿ ಉಳಿಯಬೇಕಾಗಿರುವುದು ಬಸ್ ತಪ್ಪಿ, ಮೈ ನೆನೆದು, ಕರೆಂಟ್ ಹೋಗಿ, ತಲೆನೋವು ಬಂದ ದಿನದಲ್ಲಿ.

ಆದ್ದರಿಂದ ನಿಮ್ಮ ಕೆಲಸಕ್ಕೆ ಎರಡು ಅಳತೆ ಇಟ್ಟುಕೊಳ್ಳಿ. ಒಂದು ಮಾಮೂಲಿ ದಿನದ್ದು, ಇನ್ನೊಂದು ಕೆಟ್ಟ ದಿನದ್ದು. ಕೆಟ್ಟ ದಿನದ ಅಳತೆ ಎರಡು ನಿಮಿಷಕ್ಕಿಂತ ಜಾಸ್ತಿ ಇರಬಾರದು. ಐದು ಲೆಕ್ಕದ ಬದಲು ಒಂದು ಲೆಕ್ಕ. 10 ನಿಮಿಷ ನಡಿಗೆಯ ಬದಲು ಜಗಲಿ ಉದ್ದಕ್ಕೆ ನಾಲ್ಕು ಸಲ ಓಡಾಟ. 20 ರೂಪಾಯಿಯ ಬದಲು 1 ರೂಪಾಯಿ. ಎರಡನ್ನೂ ಬರೆದು ಕ್ಯಾಲೆಂಡರ್ ಪಕ್ಕ ಅಂಟಿಸಿ.

"ಒಂದು ಲೆಕ್ಕ ಮಾಡಿದರೆ ಏನು ಬಂತು?" ಎನ್ನುವ ಪ್ರಶ್ನೆ ಬಂದೇ ಬರುತ್ತದೆ. ಆ ಒಂದು ಲೆಕ್ಕದಿಂದ ಪರೀಕ್ಷೆಗೆ ಆಗುವ ಲಾಭ ಕಮ್ಮಿ ನಿಜ. ಆದರೆ ಆ ಜಾಗದಲ್ಲಿ, ಆ ಹೊತ್ತಿಗೆ ಪುಸ್ತಕ ತೆಗೆಯುವ ರೂಢಿ ಮುರಿಯುವುದಿಲ್ಲ. ಈಗ ನೀವು ಕಟ್ಟುತ್ತಿರುವುದು ಆ ರೂಢಿಯನ್ನೇ. ಲೆಕ್ಕದ ಸಂಖ್ಯೆ ಏರಿಸಲು ಮುಂದೆ ಬೇಕಾದಷ್ಟು ಸಮಯವಿದೆ.

ಸೂಚನೆ ಏನೆಂದರೆ, ಶುರು ಮಾಡುವ ಮುಂಚೆಯೇ "ಅಯ್ಯೋ" ಅನ್ನಿಸಿದರೆ ಅಳತೆ ದೊಡ್ಡದಾಗಿದೆ. ಅರ್ಧಕ್ಕೆ ಇಳಿಸಿ. ಮತ್ತೂ ಅನ್ನಿಸಿದರೆ ಮತ್ತೆ ಅರ್ಧ.

ಹಂತ 4: ಹಳೆಯ ಕೆಲಸಕ್ಕೆ ಹೊಸದನ್ನು ಗಂಟು ಹಾಕಿ

ಬಹಳ ಜನ ಎಡವುವ ಜಾಗ ಇದು, ಸ್ವಲ್ಪ ನಿಧಾನವಾಗಿ ಓದಿ.

"ಬೆಳಗ್ಗೆ ಆರಕ್ಕೆ ಓದುತ್ತೇನೆ" ಎನ್ನುವುದು ಗಡಿಯಾರಕ್ಕೆ ಕಟ್ಟಿದ ಯೋಜನೆ. ನಮ್ಮ ಕಡೆ ಗಡಿಯಾರ ದಿನದ ಯಜಮಾನನಲ್ಲ. ಹಸು ಕರು ಹಾಕಿದರೆ, ಬಸ್ ತಡವಾದರೆ, ಆಳು ಬರದಿದ್ದರೆ ಆರು ಗಂಟೆ ಎಲ್ಲಿಗೋ ಹೋಗಿರುತ್ತದೆ. ಆರು ದಾಟಿತು ಎಂದ ಮೇಲೆ "ಇವತ್ತಿಗೆ ಬಿಡು, ನಾಳೆ ನೋಡೋಣ" ಎನ್ನುತ್ತದೆ ಮನಸ್ಸು. ಅದೇ "ಡೈರಿಗೆ ಹಾಲು ಹಾಕಿ ಬಂದು ಕ್ಯಾನ್ ತೊಳೆದಿಟ್ಟ ತಕ್ಷಣ ಓದಲು ಕೂರುತ್ತೇನೆ" ಅಂದರೆ? ಹಾಲು ಆರಕ್ಕೆ ಹಾಕಿದರೂ ಏಳಕ್ಕೆ ಹಾಕಿದರೂ ಅದರ ಹಿಂದೆಯೇ ಓದು ಬರುತ್ತದೆ.

"ಇಂಥದ್ದು ಆದ ಕೂಡಲೇ, ಇಂಥ ಜಾಗದಲ್ಲಿ, ಇಂಥದ್ದನ್ನು ಮಾಡುತ್ತೇನೆ" ಎಂದು ಮೊದಲೇ ತೀರ್ಮಾನಿಸಿದವರು ಬರೀ "ಮಾಡಬೇಕು" ಎಂದುಕೊಂಡವರಿಗಿಂತ ಹೆಚ್ಚು ಸಲ ಮಾಡಿ ಮುಗಿಸುತ್ತಾರೆ. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಸರ್ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. 2006ರಲ್ಲಿ ಅವರು ಮತ್ತು ಪಾಸ್ಕಲ್ ಶೀರನ್ 94 ಪ್ರಯೋಗಗಳ ಫಲಿತಾಂಶ ಒಟ್ಟು ಹಾಕಿ ನೋಡಿದಾಗಲೂ ಇದೇ ಕಂಡಿತು. ಕಾರಣ ಸರಳ. ಆ ಗಳಿಗೆಯಲ್ಲಿ ಯೋಚನೆ ಮಾಡುವ ಕೆಲಸವೇ ಉಳಿದಿರುವುದಿಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಬೇಲೂರಿನ ಒಬ್ಬ ಹುಡುಗಿ. ಹಾಸನದ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ, ದಿನಾ ಬಸ್ಸಿನಲ್ಲಿ ಹೋಗಿ ಬರುವುದು, ಎಫ್‌ಡಿಎಗೆ ಓದಬೇಕು. ಬೆಳಗ್ಗೆ ನಾಲ್ಕೂವರೆಗೆ ಏಳುವ ಟೈಮ್‌ಟೇಬಲ್ ಹಾಕಿ ಸೋತಿದ್ದಾಳೆ. ಬಸ್ಸಿನಲ್ಲಿ ಓದೋಣ ಅಂದರೆ ಸೀಟು ಸಿಗುವ ನೆಚ್ಚಿಕೆಯಿಲ್ಲ, ಸಿಕ್ಕರೂ ಓದಿದರೆ ವಾಕರಿಕೆ. ಅವಳ ಒಂದು ವಾರದ ಪಟ್ಟಿಯಲ್ಲಿ ಏಳೂ ದಿನ ಇರುವುದು ಏನು? ಸಂಜೆ ಮನೆಗೆ ಬಂದು ಕಾಲು ತೊಳೆಯುವುದು, ಅಮ್ಮ ಕೊಡುವ ಕಾಫಿ ಕುಡಿಯುವುದು. ಭಾನುವಾರವೂ ಸಂಜೆಯ ಕಾಫಿ ತಪ್ಪುವುದಿಲ್ಲ.

ಹಾಗಾದರೆ ಗಂಟು ಇಲ್ಲಿ: "ಕಾಫಿ ಲೋಟ ಕೆಳಗಿಟ್ಟ ಕೂಡಲೇ, ಅಡುಗೆಮನೆ ಕಟ್ಟೆ ಪಕ್ಕದ ಸ್ಟೂಲಿನ ಮೇಲೆ ಕೂತು, ಐದು ಲೆಕ್ಕ." ರೂಮಿಗೆ ಹೋಗುವುದಿಲ್ಲ. ರೂಮಿಗೆ ಹೋದರೆ ಹಾಸಿಗೆ ಕಾಣುತ್ತದೆ. ಅಮ್ಮ ರೊಟ್ಟಿ ತಟ್ಟುತ್ತಿರುತ್ತಾರೆ, ಇವಳು ಪಕ್ಕದಲ್ಲಿ ಶೇಕಡಾವಾರು ಲೆಕ್ಕ ಮಾಡುತ್ತಿರುತ್ತಾಳೆ. ಬಟ್ಟೆ ಬದಲಿಸುವುದು, ಫೋನ್ ಚಾರ್ಜಿಗೆ ಹಾಕುವುದು ಎಲ್ಲ ಆಮೇಲೆ. ಕಾಫಿಗೂ ಪುಸ್ತಕಕ್ಕೂ ನಡುವೆ ಇನ್ನೊಂದು ಕೆಲಸ ನುಸುಳಿದರೆ ಗಂಟು ಸಡಿಲವಾಗುತ್ತದೆ.

ಗಂಟು ಹಾಕುವಾಗ ಮೂರು ಪರೀಕ್ಷೆ ಮಾಡಿ. ಹಳೆಯ ಕೆಲಸ ವಾರದ ಏಳೂ ದಿನ ನಡೆಯುತ್ತದೆಯಾ? ಅದು ಮುಗಿದ ಗಳಿಗೆ ಸ್ಪಷ್ಟವಾಗಿ ಗೊತ್ತಾಗುತ್ತದೆಯಾ? "ಊಟದ ನಂತರ" ಅನ್ನುವುದು ಸಡಿಲ, "ತಟ್ಟೆ ತೊಳೆದಿಟ್ಟ ಕೂಡಲೇ" ಅನ್ನುವುದು ಬಿಗಿ. ಮೂರನೆಯದು, ಹಳೆಯದು ನಡೆಯುವ ಜಾಗದಲ್ಲೇ ಹೊಸದನ್ನು ಮಾಡಬಹುದಾ? ಹಿತ್ತಲಲ್ಲಿ ಹಂಡೆಗೆ ಬೆಂಕಿ ಹಾಕಿ, ಮಹಡಿ ಮೇಲೆ ಹೋಗಿ ಯೋಗ ಮಾಡುತ್ತೇನೆ ಅಂದರೆ ಮೆಟ್ಟಿಲ ಬಳಿಯೇ ನಾಲ್ಕು ಜನ ಮಾತಿಗೆ ಸಿಗುತ್ತಾರೆ. ನೀರು ಕಾಯುವಷ್ಟು ಹೊತ್ತು ಅಲ್ಲೇ ನಿಂತು ಮಾಡಬಹುದಾದ ವ್ಯಾಯಾಮ ಆರಿಸಿಕೊಳ್ಳಿ.

ಇನ್ನೊಂದು ಮಾತು, ಕಾಡಂಚಿನ ಊರಿನವರಿಗೆ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಆನೆ ಓಡಾಡುವ ಜಾಗಗಳಲ್ಲಿ ನಸುಕಿನ ಐದು ಗಂಟೆಯ ವಾಕಿಂಗ್ ಯೋಜನೆಯೇ ತಪ್ಪು. ಯಾವ ಅಭ್ಯಾಸವೂ ಪ್ರಾಣಕ್ಕಿಂತ ದೊಡ್ಡದಲ್ಲ. ಅರಣ್ಯ ಇಲಾಖೆಯವರು ಆನೆ ಇದೆ ಎಂದು ಎಚ್ಚರಿಸಿದ ದಿನ ಮನೆಯಂಗಳ ದಾಟಬೇಡಿ. ನಡಿಗೆಯನ್ನು ಬಿಸಿಲು ಬಂದ ಮೇಲಿನ ಯಾವುದಾದರೂ ಕೆಲಸಕ್ಕೆ ಕಟ್ಟಿ. ಹಾಸನ ಪೇಟೆಯವರಿಗೆ ಮಹಾರಾಜ ಪಾರ್ಕ್ ಇದೆ, ಚಿಕ್ಕಮಗಳೂರಿನವರಿಗೆ ರತ್ನಗಿರಿ ಬೋರೆ ಇದೆ. ತೋಟದೊಳಗೆ ಮನೆ ಇರುವವರು ಕಾಫಿ ಒಣಗಿಸುವ ಕಣದಲ್ಲೇ ಸುತ್ತು ಹಾಕಬಹುದು.

ಹಂತ 5: ಹಿಂದಿನ ರಾತ್ರಿಯೇ ಅಣಿ ಮಾಡಿಡಿ

ಶಿಸ್ತಿನ ಜನ ಅಂದರೆ ಆಸೆಯ ಜೊತೆ ದಿನವಿಡೀ ಗುದ್ದಾಡಿ ಗೆಲ್ಲುವವರು ಎಂದು ನಾವು ತಿಳಿದಿದ್ದೇವೆ. 2012ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಅಧ್ಯಯನ ಬೇರೆಯದೇ ತೋರಿಸಿತು. 205 ಜನರನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ "ಈಗ ನಿಮಗೆ ಏನಾದರೂ ಆಸೆ ಆಗುತ್ತಿದೆಯಾ, ತಡೆಯುತ್ತಿದ್ದೀರಾ?" ಎಂದು ಕೇಳಿದರು. ಸ್ವಯಂ ನಿಯಂತ್ರಣ ಜಾಸ್ತಿ ಇದ್ದವರಿಗೆ ಅಂಥ ತಿಕ್ಕಾಟ ಬರುವುದೇ ಕಮ್ಮಿ ಇತ್ತು. ಗುದ್ದಾಡಬೇಕಾದ ಜಾಗಕ್ಕೇ ಅವರು ಅಷ್ಟಾಗಿ ಹೋಗುವುದಿಲ್ಲ.

ನೀವೂ ಅದನ್ನೇ ಮಾಡಿ. ಬೇಕಾದ್ದನ್ನು ಕೈಗೆ ಸಿಗುವಂತೆ ಇಡಿ, ಬೇಡದ್ದನ್ನು ಎದ್ದು ಹೋಗಿ ತರಬೇಕಾದ ಜಾಗದಲ್ಲಿಡಿ. ಬೇಲೂರಿನ ಹುಡುಗಿ ರಾತ್ರಿ ಮಲಗುವ ಮುಂಚೆ ನಾಳೆಯ ಪುಟ ತೆರೆದು, ನಡುವೆ ಪೆನ್ಸಿಲ್ ಇಟ್ಟು, ಪುಸ್ತಕವನ್ನು ಸ್ಟೂಲಿನ ಮೇಲಿಡಬೇಕು. "ಎಲ್ಲಿಗೆ ನಿಲ್ಲಿಸಿದ್ದೆ?" ಎಂದು ಹುಡುಕುವ ಒಂದು ನಿಮಿಷದಲ್ಲೇ ಮನಸ್ಸು ಜಾರುತ್ತದೆ. ನಡೆಯುವವರು ಚಪ್ಪಲಿ, ಟಾರ್ಚ್, ಕೊಡೆ ಮೂರನ್ನೂ ಬಾಗಿಲ ಬಳಿ ಇಡಲಿ. ಉಳಿತಾಯದ ಡಬ್ಬಿ ಗಲ್ಲಾದ ಒಳಗೇ ಇರಲಿ, ಮನೆಯ ಬೀರುವಿನಲ್ಲಿ ಬೇಡ.

ಈಗ ಫೋನಿನ ವಿಷಯ. ರಾತ್ರಿ ಹನ್ನೊಂದರ ತನಕ ರೀಲ್ಸ್ ನೋಡಿದವರು ಐದಕ್ಕೆ ಏಳಲಾರರು, ಅದರಲ್ಲಿ ಆಶ್ಚರ್ಯವೇನಿದೆ? ದೊಡ್ಡವರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ದೆ ಬೇಕು. ಮೊದಲು ಮಲಗುವ ಹೊತ್ತು ಹಿಂದೆ ಸರಿಯಬೇಕು, ಆಮೇಲೆ ಏಳುವ ಹೊತ್ತು. ಫೋನ್ ಚಾರ್ಜರನ್ನು ಮಲಗುವ ಕೋಣೆಯಿಂದ ಹಾಲಿಗೆ ಅಥವಾ ನಡುಮನೆಗೆ ಸಾಗಿಸಿ. ಏಳಲು ಬ್ಯಾಟರಿ ಗಡಿಯಾರ ಸಾಕು. ಮೊಬೈಲ್ ಅಲಾರಂ ಆರಿಸಿದ ಕೈ ಹಾಗೇ ವಾಟ್ಸಾಪ್ ತೆರೆಯುತ್ತದೆ. "ರಾತ್ರಿ ಯಾರಾದರೂ ತುರ್ತಾಗಿ ಫೋನ್ ಮಾಡಿದರೆ?" ಎನ್ನುವವರು ರಿಂಗ್ ಜೋರಾಗಿಟ್ಟು ಬಾಗಿಲು ಓರೆ ಮಾಡಿಕೊಳ್ಳಲಿ. ಕೇಳಿಸುತ್ತದೆ.

ಹಂತ 6: ಮಾಡಿದ ಕೂಡಲೇ ಗುರುತು ಹಾಕಿ

ಕೆಲಸ ಮುಗಿದ ತಕ್ಷಣ ಕ್ಯಾಲೆಂಡರಿನಲ್ಲಿ ಆ ದಿನದ ಚೌಕಕ್ಕೆ ಅಡ್ಡಗೆರೆ. ಕೆಟ್ಟ ದಿನದ ಅಳತೆ ಮಾಡಿದ್ದರೆ ಒಂದು ಚುಕ್ಕಿ. ಇಷ್ಟೇ. ಎಷ್ಟು ಹೊತ್ತು, ಎಷ್ಟು ಮಾರ್ಕು ಎಂದೆಲ್ಲ ಬರೆಯಲು ಹೋಗಬೇಡಿ. ರಾತ್ರಿ ಒಟ್ಟಿಗೆ ಹಾಕುತ್ತೇನೆ ಅಂದರೆ ಮರೆಯುತ್ತೀರಿ.

ಹಂತ 7: ತಪ್ಪಿದ ದಿನಕ್ಕೆ ನಿಯಮ ಮೊದಲೇ ಇರಲಿ

"21 ದಿನ ಮಾಡಿದರೆ ಅಭ್ಯಾಸ ಆಗಿಬಿಡುತ್ತದೆ" ಎನ್ನುವ ಮಾತು ಎಲ್ಲೆಡೆ ಓಡಾಡುತ್ತಿದೆ. ಇದನ್ನು ನಂಬಿದವರಿಗೆ 22ನೇ ದಿನವೂ ಕಷ್ಟ ಅನ್ನಿಸಿದಾಗ "ನನ್ನಲ್ಲೇ ಏನೋ ಐಬು" ಎನ್ನಿಸಿಬಿಡುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು 12 ವಾರ ಗಮನಿಸಿ, 2010ರ ಹೊತ್ತಿಗೆ ಪ್ರಕಟಿಸಿದ ಅಧ್ಯಯನದಲ್ಲಿ ಕೆಲಸ ತನ್ನಷ್ಟಕ್ಕೆ ಆಗುವ ಮಟ್ಟಕ್ಕೆ ಬರಲು ನಡುಮಟ್ಟದಲ್ಲಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ ಅವರ ಲೆಕ್ಕಾಚಾರದಂತೆ 254 ದಿನ ಬೇಕು. ನೀರು ಕುಡಿಯುವಂಥ ಅಭ್ಯಾಸ ಬೇಗ ಕೂರುತ್ತದೆ, ವ್ಯಾಯಾಮ ನಿಧಾನ. ನಮಗೆ ಇದರಲ್ಲಿ ಮುಖ್ಯವಾದ ವಿಷಯ ಇನ್ನೊಂದಿದೆ: ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಕೂರುವುದಕ್ಕೆ ಹೇಳಿಕೊಳ್ಳುವಂಥ ತೊಂದರೆ ಆಗಲಿಲ್ಲ.

ಹಾಗಾಗಿ ಒಂದು ದಿನ ತಪ್ಪಿದ್ದು ಲೆಕ್ಕಕ್ಕಿಲ್ಲ. ಆದರೆ ಅದರ ಮಾರನೇ ದಿನ ಬಹಳ ಮುಖ್ಯ. ಆ ದಿನಕ್ಕೆ ನಿಯಮ: ಕೆಟ್ಟ ದಿನದ ಅಳತೆಯನ್ನೇ ಮಾಡಿ, ಅದಕ್ಕಿಂತ ಜಾಸ್ತಿ ಬೇಡ. ನಿನ್ನೆಯ ಐದು ಲೆಕ್ಕ ಸೇರಿಸಿ ಹತ್ತು ಮಾಡುತ್ತೇನೆ ಎಂದು ಹೊರಡುವವರೇ ಹೆಚ್ಚು. ಬಾಕಿ ತೀರಿಸಲು ಹೋದರೆ ಅಭ್ಯಾಸ ಸಾಲದಂತೆ ಬೆಳೆಯುತ್ತದೆ. ಮೂರು ದಿನ ತಪ್ಪಿದರೆ ಹದಿನೈದು ಲೆಕ್ಕ ಎದುರಿಗೆ ನಿಂತು ಹೆದರಿಸುತ್ತದೆ, ಆಗ ಪುಸ್ತಕವನ್ನೇ ಮುಟ್ಟುವುದಿಲ್ಲ. ತಪ್ಪಿದ್ದು ತಪ್ಪಿತು. ಬಾಕಿ ಇಲ್ಲ.

ಒಂದೇ ವಾರದಲ್ಲಿ ಮೂರು ಸಲ ತಪ್ಪಿದರೆ ನಿಮ್ಮನ್ನು ಬೈದುಕೊಳ್ಳುವ ಬದಲು ಗಂಟನ್ನು ನೋಡಿ. ಯಾವ ದಿನ ತಪ್ಪಿತು? ಆ ದಿನಗಳಲ್ಲಿ ಹಳೆಯ ಕೆಲಸ ನಡೆದಿತ್ತಾ? ಹೆಚ್ಚಿನ ಸಲ ಉತ್ತರ ಅಲ್ಲೇ ಸಿಗುತ್ತದೆ. ಅಮ್ಮ ಊರಲ್ಲಿಲ್ಲ, ಸಂಜೆಯ ಕಾಫಿ ಇಲ್ಲ, ಲೆಕ್ಕವೂ ಇಲ್ಲ. ಅಂಥ ದಿನಕ್ಕೆ ಎರಡನೇ ಗಂಟು ಬೇಕು: "ಕಾಫಿ ಇಲ್ಲದ ದಿನ, ಕಾಲು ತೊಳೆದ ಕೂಡಲೇ."

ಹಂತ 8: ಮಳೆ, ಕೊಯ್ಲು, ಹಬ್ಬಕ್ಕೆ ಬೇರೆ ಯೋಜನೆ

ನಮ್ಮ ಕಡೆಯ ಅಭ್ಯಾಸಗಳನ್ನು ಮುರಿಯುವುದು ಸೋಮಾರಿತನಕ್ಕಿಂತ ಜಾಸ್ತಿ ಋತು. ಆದರೂ ವರ್ಷಕ್ಕೆಲ್ಲ ಒಂದೇ ಯೋಜನೆ ಹಾಕುತ್ತೇವೆ. ಕ್ಯಾಲೆಂಡರ್ ಕೈಗೆ ತೆಗೆದುಕೊಂಡು ನಿಮ್ಮ ಮನೆಯ ಗದ್ದಲದ ತಿಂಗಳುಗಳನ್ನು ಈಗಲೇ ಸುತ್ತುಹಾಕಿ.

ಜೂನ್‌ನಿಂದ ಸೆಪ್ಟೆಂಬರ್ ಮಳೆ. ಮೂಡಿಗೆರೆ, ಕೊಪ್ಪ, ಶೃಂಗೇರಿ, ಸಕಲೇಶಪುರ ಕಡೆ ಹೊರಗಿನ ನಡಿಗೆ ನಿಲ್ಲುವುದು ಖಚಿತ. ಕರೆಂಟ್ ಹೋದರೆ ಓದೂ ನಿಲ್ಲುತ್ತದೆ. ಮೇ ಕೊನೆಯಲ್ಲೇ ಒಳಗಿನ ರೂಪ ತೀರ್ಮಾನಿಸಿ: ಜಗಲಿಯಲ್ಲಿ ನಡಿಗೆ, ಮೆಟ್ಟಿಲು ಹತ್ತಿ ಇಳಿಯುವುದು, ಚಾರ್ಜ್ ಮಾಡಿಟ್ಟ ದೀಪ. ಗಂಟು ಮಾತ್ರ ಬದಲಾಗಬಾರದು. ಬೇಸಿಗೆಯಲ್ಲಿ ತಟ್ಟೆ ತೊಳೆದಿಟ್ಟು ರಸ್ತೆಗೆ ಹೋಗುತ್ತಿದ್ದವರು ಮಳೆಗಾಲದಲ್ಲಿ ತಟ್ಟೆ ತೊಳೆದಿಟ್ಟು ಜಗಲಿಗೆ ಹೋಗಲಿ.

ನವೆಂಬರ್‌ನಿಂದ ಫೆಬ್ರವರಿ ತನಕ ಕಾಫಿ ಕೊಯ್ಲು, ಮೊದಲು ಅರೇಬಿಕಾ, ಹಿಂದೆಯೇ ರೋಬಸ್ಟಾ. ಸಣ್ಣ ಬೆಳೆಗಾರರಿಗೆ ಬೆಳಗ್ಗೆ ಆಳು ಕರೆತರುವುದರಿಂದ ಹಿಡಿದು ಸಂಜೆ ಹಣ್ಣು ತೂಗಿ, ಕಣದ ಕೆಲಸ ಮುಗಿಸುವ ತನಕ ಪುರುಸೊತ್ತಿಲ್ಲ. ಮೂಡಿಗೆರೆಯ ಐವತ್ತು ದಾಟಿದ ಬೆಳೆಗಾರರೊಬ್ಬರು ಶುಗರಿಗೆಂದು ರಾತ್ರಿ ಊಟದ ಮೇಲೆ ಅಂಗಳದಲ್ಲೇ ನಡೆಯಲು ಶುರು ಮಾಡಿದ್ದಾರೆ ಎಂದಿಟ್ಟುಕೊಳ್ಳಿ. ಅವರು ಈ ನಾಲ್ಕು ತಿಂಗಳು ಕೆಟ್ಟ ದಿನದ ಅಳತೆಯನ್ನೇ ದಿನದ ಅಳತೆ ಮಾಡಿಕೊಳ್ಳಬೇಕು. "ಹೇಗೂ ತೋಟ ಸುತ್ತುತ್ತೇನಲ್ಲ, ಅದೇ ವಾಕಿಂಗ್" ಎಂದು ಅವರು ಹೇಳಬಹುದು. ತೋಟದ ಓಡಾಟ ಮೈಗೆ ಒಳ್ಳೆಯದೇ. ಆದರೆ ರಾತ್ರಿ ಊಟದ ಮೇಲಿನ ಎರಡು ನಿಮಿಷ ಬಿಟ್ಟರೆ ಕೊಯ್ಲು ಮುಗಿದ ಮೇಲೆ ಆ ರೂಢಿಯನ್ನು ಮತ್ತೆ ಮೊದಲಿನಿಂದ ಕಟ್ಟಬೇಕಾಗುತ್ತದೆ. ಮುಂದೆ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬರದಿದ್ದರೆ ಸ್ಪ್ರಿಂಕ್ಲರ್ ಕೆಲಸ, ಆಮೇಲೆ ಮರಗಸಿ (ನೆರಳು ಮರಗಳ ಕೊಂಬೆ ಸವರುವುದು). ತೋಟದವರಿಗೆ ಬಿಡುವು ತಾನಾಗಿ ಬರುವುದಿಲ್ಲ. ಆಲೂಗಡ್ಡೆ ಬೆಳೆಯುವವರಿಗೆ ಬಿತ್ತನೆ ಮತ್ತು ಅಗೆತದ ವಾರಗಳೂ ಹೀಗೆಯೇ.

ಹಬ್ಬಗಳಿಗೆ ಇಷ್ಟು ಸಾಕು: ಹಬ್ಬದ ಹಿಂದಿನ ದಿನದಿಂದ ಮಾರನೇ ದಿನದ ತನಕ ಚುಕ್ಕಿಯ ದಿನಗಳು ಎಂದು ಮೊದಲೇ ಬರೆದುಬಿಡಿ. ಹಾಸನದವರು ಹಾಸನಾಂಬ ದರ್ಶನದ ಅಷ್ಟೂ ದಿನಗಳಿಗೆ ಹೀಗೆ ಮಾಡಬೇಕು. ಆಗ ಪೇಟೆಯೂ ಬಸ್ಸೂ ಮನೆಯೂ ತುಂಬಿರುತ್ತದೆ. ಹೋಂಸ್ಟೇ ನಡೆಸುವವರಿಗೆ ಶನಿವಾರ, ಭಾನುವಾರವೇ ಹಬ್ಬ. ಅವರು ಗುರಿಯನ್ನು ಸೋಮವಾರದಿಂದ ಶುಕ್ರವಾರಕ್ಕೆ ಲೆಕ್ಕ ಹಾಕಲಿ.

ಹಂತ 9: ಮನೆಯಲ್ಲಿ ಒಬ್ಬರಿಗೆ ಹೇಳಿ

ಊರಿಗೆಲ್ಲ ಸಾರಬೇಡಿ. ಗುಂಪಿನಲ್ಲಿ ಹೇಳಿದರೆ ಸಿಗುವ ಶಹಬ್ಬಾಸ್‌ಗಿರಿಯಲ್ಲೇ ಅರ್ಧ ತೃಪ್ತಿ ಆಗಿಬಿಡುತ್ತದೆ. ಆ ಕೆಲಸದ ಹೊತ್ತಿನಲ್ಲಿ ಹತ್ತಿರ ಇರುವ ಒಬ್ಬರಿಗೆ ಹೇಳಿ, ಏನು ಸಹಾಯ ಬೇಕು ಎಂದೂ ಬಿಡಿಸಿ ಹೇಳಿ. "ಅಮ್ಮಾ, ಕಾಫಿ ಕುಡಿದ ಮೇಲೆ ಕಾಲು ಗಂಟೆ ನಂಗೆ ಏನೂ ಕೆಲಸ ಹೇಳ್ಬೇಡ, ಆಮೇಲೆ ಪಾತ್ರೆ ನಾನೇ ತೊಳೀತೀನಿ." ಹೀಗೆ ಹೇಳಿದರೆ ಅವರೂ ಒಪ್ಪುತ್ತಾರೆ. "ನನ್ನನ್ನ ಓದಿಸು" ಎಂದು ಅವರ ತಲೆಗೆ ಕಟ್ಟಿದರೆ ಹದಿನೈದು ದಿನದಲ್ಲಿ ಜಗಳ.

ಗಂಡ, ಅತ್ತೆ, ಮಕ್ಕಳ ಕೆಲಸದ ನಡುವೆ ತನಗೆಂದು ಹೊತ್ತೇ ಸಿಗದ ಹೆಂಗಸರಿಗೆ ಈ ಹಂತವೇ ಮೊದಲ ಹಂತ. ಮನೆಯವರ ಜೊತೆ ಕೂತು 10 ನಿಮಿಷವನ್ನು ಗಟ್ಟಿ ಮಾಡಿಕೊಳ್ಳದೆ ಉಳಿದದ್ದನ್ನು ಶುರು ಮಾಡಿದರೆ ಸೋಲಿನ ಹೊಣೆ ಸುಮ್ಮನೆ ನಿಮ್ಮ ಮೇಲೆ ಬೀಳುತ್ತದೆ.

ನಿಲ್ಲಿಸಿ ಯೋಚಿಸಬೇಕಾದ ಸೂಚನೆಗಳು

ಶುಗರಿಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ನಡೆಯುವಾಗ ಕೈ ನಡುಕ, ಬೆವರು, ತಲೆಸುತ್ತು ಬಂದರೆ ಕೂಡಲೇ ನಿಂತು ಸಕ್ಕರೆ ಅಥವಾ ಬೆಲ್ಲ ಬಾಯಿಗೆ ಹಾಕಿಕೊಳ್ಳಿ. ಸಕ್ಕರೆ ಇಳಿದಿರಬಹುದು. ವ್ಯಾಯಾಮ ಶುರು ಮಾಡುವ ಮುಂಚೆಯೇ ವೈದ್ಯರನ್ನು ಕೇಳುವುದು ಒಳ್ಳೆಯದು. ಎದೆನೋವು ಬಂದರೆ "ಶಿಸ್ತು" ಎಂದು ಮುಂದುವರಿಸಬೇಡಿ, ಆಸ್ಪತ್ರೆಗೆ ಹೋಗಿ.

ದಿನಾ ಜಾಸ್ತಿ ಕುಡಿಯುವವರು ಮನೆಯವರ ಮಾತಿಗೆ ರೋಷದಿಂದ ಒಂದೇ ದಿನ ಪೂರ್ತಿ ನಿಲ್ಲಿಸುವುದು ಅಪಾಯ. ನಡುಕ, ಫಿಟ್ಸ್, ಭ್ರಮೆ ಬಂದು ಜೀವಕ್ಕೇ ಕುತ್ತಾಗಬಹುದು. ಮದ್ಯ ಬಿಡುವುದನ್ನು ಈ ಮಾರ್ಗದರ್ಶಿ ನೋಡಿಕೊಂಡು ಮಾಡಬೇಡಿ. ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋಗಿ, ಅವರು ಔಷಧಿ ಕೊಟ್ಟು ಬಿಡಿಸುತ್ತಾರೆ.

ಎರಡು ನಿಮಿಷದ ಕೆಲಸವೂ ಬೆಟ್ಟದಂತೆ ಕಾಣುತ್ತಿದೆ, ಮೊದಲು ಖುಷಿ ಕೊಡುತ್ತಿದ್ದ ಯಾವುದೂ ಬೇಡವಾಗಿದೆ, ನಿದ್ದೆ-ಊಟ ಕೆಟ್ಟು ಎರಡು ವಾರ ದಾಟಿದೆ ಅಂದರೆ ಅದನ್ನು ಶಿಸ್ತಿನ ಕೊರತೆ ಎಂದುಕೊಳ್ಳಬೇಡಿ. ಅದು ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಹಂತ 10: ಯಾವಾಗ ಹೆಚ್ಚಿಸಬೇಕು, ಯಾವಾಗ ಎರಡನೆಯದು

ಅಭ್ಯಾಸ ಕೂತಿದೆ ಎಂದು ಹೇಗೆ ಗೊತ್ತಾಗುತ್ತದೆ? ಮಾಡದಿದ್ದ ದಿನ ಏನೋ ಮರೆತ ಹಾಗೆ ಅನ್ನಿಸುತ್ತದೆ. ಪುಸ್ತಕ ತೆಗೆಯುವ ಮುಂಚೆ ಮನಸ್ಸಿನಲ್ಲಿ ವಾದ ನಡೆಯುವುದಿಲ್ಲ. ಕ್ಯಾಲೆಂಡರಿನಲ್ಲಿ ಗುರುತು ಹಾಕುವುದನ್ನೇ ಮರೆತಿದ್ದರೂ ಕೆಲಸ ಮುಗಿದಿರುತ್ತದೆ. ಈ ಮೂರೂ ಕಂಡ ಮೇಲೆ ಅಳತೆ ಹೆಚ್ಚಿಸಿ. ಐದು ಲೆಕ್ಕ ಏಳಾಗಲಿ, ಎರಡು ವಾರ ಬಿಟ್ಟು ಹತ್ತಾಗಲಿ. 10 ನಿಮಿಷದ ನಡಿಗೆ 15 ಆಗಲಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ, ಅಂದರೆ ವಾರದಲ್ಲಿ ಐದು ದಿನ ಅರ್ಧ ಗಂಟೆ ಚುರುಕಾದ ನಡಿಗೆ; ಅಲ್ಲಿಗೆ ನಿಧಾನಕ್ಕೆ ತಲುಪಿದರೆ ಸಾಕು. ಕೆಟ್ಟ ದಿನದ ಅಳತೆಯನ್ನು ಮಾತ್ರ ಯಾವತ್ತೂ ಏರಿಸಬೇಡಿ. ಅದು ಎರಡು ನಿಮಿಷವಾಗಿಯೇ ಇರಲಿ.

ಅಳತೆ ಹೆಚ್ಚಿಸಿದ ವಾರದಲ್ಲಿ ಚುಕ್ಕಿಗಳು ಅಡ್ಡಗೆರೆಗಿಂತ ಜಾಸ್ತಿ ಕಂಡರೆ ಹಿಂದಿನ ಅಳತೆಗೆ ಮರಳಿ. ನಾಚಿಕೆ ಪಡುವ ವಿಷಯವಲ್ಲ ಅದು.

ಎರಡನೇ ಅಭ್ಯಾಸಕ್ಕೆ ನೋಟ್‌ಬುಕ್ಕಿನ ಕೊನೆ ಪುಟ ತೆರೆಯಿರಿ. ಆಗ ಬರೆದಿದ್ದರಲ್ಲಿ ಕೆಲವು ಈಗ ಬೇಡ ಅನ್ನಿಸಬಹುದು, ಹೊಡೆದುಹಾಕಿ. ಉಳಿದದ್ದರಲ್ಲಿ ಒಂದನ್ನು ಆರಿಸಿ ಮೊದಲ ಹಂತದಿಂದಲೇ ಹೊರಡಿ, ಏಳು ದಿನ ನೋಡುವುದೂ ಸೇರಿ. ಮೊದಲನೆಯದು ಕೂತ ಮೇಲೆ ನಿಮ್ಮ ದಿನ ಬದಲಾಗಿರುತ್ತದೆ, ಹಳೆಯ ಪಟ್ಟಿ ಕೆಲಸಕ್ಕೆ ಬರುವುದಿಲ್ಲ. ಮತ್ತೆ ಎರಡನ್ನೂ ಒಂದೇ ಕಾಫಿ ಲೋಟಕ್ಕೆ ಕಟ್ಟಬೇಡಿ, ಬೇರೆ ಹೊತ್ತಿನ ಬೇರೆ ಕೆಲಸ ಹುಡುಕಿ. ಶುರು ಮಾಡುವ ತಿಂಗಳೂ ಮುಖ್ಯ: ತೋಟದವರು ಕೊಯ್ಲಿನ ನಡುವೆ ಬೇಡ, ಪರೀಕ್ಷೆಯವರು ಪರೀಕ್ಷೆಯ ಹಿಂದಿನ ತಿಂಗಳು ಬೇಡ.